ಕೋವಿ ದೊಡ್ಡದಾದ್ರೆ ಸಾಕಾ?

ಹಾಸನ, ಕೊಡಗು, ಚಿಕ್ಕಮಗಳೂರು ಕಡೆಯಿಂದ ಆನೆ ದಾಳಿಯ ಸುದ್ದಿ ಬಂದಾಗಲೆಲ್ಲ ವೀಕ್ಷಕರ ಕರೆಗಳಲ್ಲಿ ಒಂದು ಮಾತು ಬಂದೇ ಬರುತ್ತೆ: "ಸಾರ್, ಒಂದು ಒಳ್ಳೇ ರೈಫಲ್ ಕೊಡ್ಲಿ, ನಾವೇ ಮುಗಿಸ್ತೀವಿ." ಬೆಳಗ್ಗೆ ಕಾಫಿ ತೋಟಕ್ಕೆ ಹೋದ ಮನೆಯವರು ವಾಪಸ್ ಬರದಿದ್ದಾಗ ಹುಟ್ಟುವ ಸಿಟ್ಟು ಅದು. ಸ್ಟುಡಿಯೋದಲ್ಲಿ ಕೂತು ಅದನ್ನು ತಪ್ಪು ಅನ್ನೋದು ಸುಲಭ, ಆದರೆ ನ್ಯಾಯ ಅಲ್ಲ. ಹಾಗಂತ ಆ ಮಾತಿನೊಳಗಿರುವ 'ಒಳ್ಳೇ ರೈಫಲ್' ಅನ್ನೋ ಎರಡು ಪದವನ್ನು ಒಮ್ಮೆ ಬಿಚ್ಚಿ ನೋಡಲೇಬೇಕು. ಯಾಕಂದ್ರೆ ದೊಡ್ಡ ಪ್ರಾಣಿಯ ಮುಂದೆ ತಪ್ಪು ಕೋವಿ ಹಿಡಿದು ನಿಂತರೆ ಅಪಾಯ ಕಡಿಮೆ ಆಗಲ್ಲ, ಹೆಚ್ಚಾಗುತ್ತೆ.

ಮೊದಲು ಕ್ಯಾಲಿಬರ್ ಅಂದ್ರೆ ಏನು ಅಂತ ನೋಡೋಣ. ಸರಳವಾಗಿ ಹೇಳಿದ್ರೆ ನಳಿಗೆಯ ಒಳಗಿನ ಅಳತೆ. .375 ಅಂದ್ರೆ ಒಂದು ಇಂಚನ್ನು ಸಾವಿರ ಭಾಗ ಮಾಡಿ ಅದರಲ್ಲಿ 375 ಭಾಗ, ಅಂದಾಜು 9.5 ಮಿಲಿಮೀಟರ್. .30-06 ಅನ್ನೋ ಹೆಸರಿನಲ್ಲಿ .30 ಅಳತೆ, 06 ಅಂದ್ರೆ 1906ನೇ ಇಸವಿ. ಇನ್ನು ನಮ್ಮ ಮಲೆನಾಡಿನ ಹನ್ನೆರಡು ಬೋರ್ ಕೋವಿಯ ಲೆಕ್ಕವೇ ಬೇರೆ. ಒಂದು ಪೌಂಡ್ ಸೀಸದಲ್ಲಿ ಸಮನಾದ ಹನ್ನೆರಡು ಉಂಡೆ ಮಾಡಿದ್ರೆ, ಅದರಲ್ಲಿ ಒಂದು ಉಂಡೆ ಹಿಡಿಸುವಷ್ಟು ಅಗಲ. ಅಂದ್ರೆ ಹೆಸರು ನೋಡಿ ಕೋವಿಯ ತಾಕತ್ತು ಹೇಳೋಕಾಗಲ್ಲ.

ತಾಕತ್ತು ಹೇಳೋದು ಪಿಯುಸಿ ಫಿಸಿಕ್ಸ್. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ, ಅಷ್ಟೇ. .22 ರೈಫಲ್‌ನ ಎರಡೂವರೆ ಗ್ರಾಂ ಗುಂಡಿನ ಶಕ್ತಿ ಸುಮಾರು 140 ಜೌಲ್. ಅಮೆರಿಕದಲ್ಲಿ ಜಿಂಕೆ, ಎಲ್ಕ್ ಬೇಟೆಗೆ ಬಳಸುವ .30-06ರ ಗುಂಡು ಹನ್ನೆರಡು ಗ್ರಾಂ ಹತ್ತಿರ, ಶಕ್ತಿ ಸುಮಾರು 3,900 ಜೌಲ್. .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್‌ನ ಹತ್ತೊಂಬತ್ತು ಗ್ರಾಂ ಗುಂಡಿಗೆ 5,700ರ ಆಸುಪಾಸು. ಆನೆಗೆಂದೇ ಮಾಡಿದ .470 ನೈಟ್ರೋ ಎಕ್ಸ್‌ಪ್ರೆಸ್‌ಗೆ ಹತ್ತಿರ ಹತ್ತಿರ 7,000.

ಹಾಗಾದ್ರೆ ಹೆಚ್ಚು ಜೌಲ್ ಇರೋದನ್ನೇ ತಗೊಂಡ್ರೆ ಆಯ್ತಲ್ಲ? ಇಲ್ಲೇ ಎಡವೋದು.

ದಬ್ಬಳ ಮತ್ತು ಹೆಬ್ಬೆರಳು ನೆನಪಿಸಿಕೊಳ್ಳಿ. ಒಂದೇ ಬಲ ಹಾಕಿ ಗೋಣಿಚೀಲಕ್ಕೆ ಒತ್ತಿದ್ರೆ ಯಾವುದು ಒಳಗೆ ಹೋಗುತ್ತೆ? ಗುಂಡಿಗೂ ಅದೇ ನಿಯಮ. .375 ಮತ್ತು .405 ವಿಂಚೆಸ್ಟರ್ ಎರಡರಲ್ಲೂ 300 ಗ್ರೇನ್ ತೂಕದ ಗುಂಡು ಸಿಗುತ್ತೆ. ತೂಕ ಒಂದೇ, ಆದರೆ .405ರ ಮುಖದ ವಿಸ್ತೀರ್ಣ ಇಪ್ಪತ್ತು ಪರ್ಸೆಂಟ್ ಹೆಚ್ಚು. ಜೊತೆಗೆ ವೇಗವೂ ಕಡಿಮೆ. ಹಾಗಾಗಿ ಒಳಹೋಗುವ ಆಳ ಕಮ್ಮಿ. ಈ .405 ನಮಗೆ ಹೊಸ ಹೆಸರಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದಿದ್ದು ಇದನ್ನೇ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಲ್ಲಿದ್ದದ್ದೂ .405. ಹುಲಿ, ಚಿರತೆಯಂಥ ತೆಳು ಚರ್ಮದ ಪ್ರಾಣಿಗೆ ಅದು ಸಾಕಾಗ್ತಿತ್ತು. ಆನೆಯ ಲೆಕ್ಕ ಬೇರೆ. ಅದರ ಮಿದುಳು ತಲೆಬುರುಡೆಯ ಹಿಂಭಾಗದಲ್ಲಿ, ಜೇನುಗೂಡಿನ ಹಾಗಿರುವ ದಪ್ಪ ಮೂಳೆಯ ಹಿಂದೆ ಇರುತ್ತೆ. ಹಣೆ ಕಂಡಿತು ಅಂತ ಹೊಡೆದರೆ ಗುಂಡು ದಾರಿಯಲ್ಲೇ ನಿಲ್ಲಬಹುದು.

ಗುಂಡಿನ ಜಾತಿಯೂ ಮುಖ್ಯ. ಮೆದು ಮೂತಿಯ ಗುಂಡು ಒಳಹೊಕ್ಕ ಕೂಡಲೇ ಅಣಬೆಯ ಹಾಗೆ ಅರಳುತ್ತೆ. ಜಿಂಕೆ, ಹಂದಿ, ಸಿಂಹಕ್ಕೆ ಅದು ಸರಿ. ಆನೆ, ಘೇಂಡಾಮೃಗಕ್ಕೆ ಅರಳದ, ಗಟ್ಟಿ ಕವಚದ ಗುಂಡೇ ಬೇಕು. ಒಂದೇ ರೈಫಲ್, ತೋಟಾ ಬದಲಾಯಿಸಿದ್ರೆ ಫಲಿತಾಂಶವೇ ಬದಲು.

ಇನ್ನು ಹೊಡೆಯುವವನ ಹೆಗಲು. ಗುಂಡು ಮುಂದೆ ಹೋದಷ್ಟೇ ಆವೇಗದಲ್ಲಿ ಕೋವಿ ಹಿಂದೆ ಬರುತ್ತೆ. ನ್ಯೂಟನ್ ಯಾರಿಗೂ ರಿಯಾಯಿತಿ ಕೊಡಲ್ಲ. ನಾಲ್ಕು ಕೆ.ಜಿ. ತೂಕದ .375 ರೈಫಲ್ ಸೆಕೆಂಡಿಗೆ ನಾಲ್ಕೈದು ಮೀಟರ್ ವೇಗದಲ್ಲಿ ಹೆಗಲಿಗೆ ಗುದ್ದುತ್ತೆ. ಅಭ್ಯಾಸ ಇಲ್ಲದವನು ಎರಡನೇ ಈಡಿಗೆ ಗುದ್ದು ಬೀಳುವ ಮೊದಲೇ ಕಣ್ಣು ಮುಚ್ಚಿ, ಕುದುರೆ ಜಗ್ಗಿಬಿಡ್ತಾನೆ. ಆಗ 7,000 ಜೌಲ್ ಹೋಗಿ ಬೀಳೋದು ಆನೆಯ ಭುಜಕ್ಕೋ, ಪಕ್ಕದ ಮರಕ್ಕೋ.

ಇದಕ್ಕೆ ತದ್ವಿರುದ್ಧ ಉದಾಹರಣೆ ಸ್ಕಾಟ್ಲೆಂಡಿನ ಡಬ್ಲ್ಯೂ.ಡಿ.ಎಂ. ಬೆಲ್. ದಂತಕ್ಕಾಗಿ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆ ಕೊಂದ ಆಸಾಮಿ, ಅದರಲ್ಲಿ ಬಹಳಷ್ಟನ್ನು ಕೊಂದದ್ದು .275 ರಿಗ್ಬಿಯಂಥ ಏಳು ಮಿಲಿಮೀಟರಿನ ಸಣ್ಣ ರೈಫಲ್‌ನಲ್ಲಿ. ಆನೆಯ ತಲೆಬುರುಡೆ ಗರಗಸದಿಂದ ಸೀಳಿ, ಮಿದುಳು ಎಲ್ಲಿದೆ ಅಂತ ನೋಡಿ ಕಲಿತಿದ್ದ. ಬೆಲ್‌ನ ಕೈ, ಬೆಲ್‌ನ ಕಲಿಕೆ ಎಲ್ಲರಿಗೂ ಇರಲ್ಲ. ಅದಕ್ಕೇ ಇವತ್ತು ಆಫ್ರಿಕಾದಲ್ಲಿ ಪರವಾನಗಿ ಮೇಲೆ ಬೇಟೆಗೆ ಅವಕಾಶ ಇರುವ ಹಲವು ದೇಶಗಳಲ್ಲಿ ಆನೆ, ಕಾಡೆಮ್ಮೆಯಂಥ ಪ್ರಾಣಿಗಳಿಗೆ .375ಕ್ಕಿಂತ ಕಡಿಮೆ ರೈಫಲ್ ಒಯ್ಯೋ ಹಾಗಿಲ್ಲ. ಲಂಡನ್ನಿನ ಕಂಪನಿ 1912ರಲ್ಲಿ ತಂದ ಈ .375ಗೆ 'ಒಂದೇ ಕೋವಿಯಲ್ಲಿ ಎಲ್ಲ ಬೇಟೆ' ಅನ್ನೋ ಹೆಸರು ಬಂದದ್ದೂ ಸುಮ್ಮನೆ ಅಲ್ಲ. ಹಗುರ ಗುಂಡಲ್ಲಿ ದೂರದ ಜಿಂಕೆ, ಭಾರದ ಗಟ್ಟಿ ಗುಂಡಲ್ಲಿ ಹತ್ತಿರದ ಕಾಡೆಮ್ಮೆ. ಹೆಗಲಿಗೆ ಬೀಳೋ ಗುದ್ದು ಜೋರಾದ್ರೂ ಅಭ್ಯಾಸದಿಂದ ತಡೆಯಬಹುದು.

ಈ ಕ್ಯಾಲಿಬರ್‌ಗಳ ಕಥೆಯಲ್ಲಿ ಭಾರತದ್ದೂ ಒಂದು ಪಾಲಿದೆ. .465, .470, .475, .476 ಅಂತ ಇಷ್ಟೊಂದು ಚಿಲ್ಲರೆ ಅಳತೆ ಯಾಕೆ ಹುಟ್ಟಿದವು ಗೊತ್ತಾ? ಆಗ ದೊಡ್ಡ ಬೇಟೆಗೆ ಹೆಸರುವಾಸಿಯಾಗಿದ್ದು .450. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನದ್ದೂ ಅದೇ ಅಳತೆ. ಬೇಟೆಗಾರರ ಮದ್ದುಗುಂಡು ಬಂಡುಕೋರರ ಕೈ ಸೇರಿದ್ರೆ ಅನ್ನೋ ಭಯಕ್ಕೆ 1907ರ ಹೊತ್ತಿಗೆ ಭಾರತ ಮತ್ತು ಸುಡಾನ್‌ನಲ್ಲಿ .450 ನಿಷೇಧ ಆಯ್ತು. ಮಾರುಕಟ್ಟೆ ಬಿಡೋಕೆ ಇಷ್ಟ ಇಲ್ಲದ ಕಂಪನಿಗಳು ಸ್ವಲ್ಪ ಸ್ವಲ್ಪ ಅಗಲ ಮಾಡಿ ಹೊಸ ಹೆಸರಿಟ್ಟು ಮಾರಿದವು. ಅಂದ್ರೆ ಯಾರ ಕೈಲಿ ಯಾವ ಕೋವಿ ಇರಬೇಕು ಅನ್ನೋದನ್ನು ಆಗಲೂ ಪ್ರಾಣಿ ಒಂದೇ ತೀರ್ಮಾನಿಸ್ತಿರಲಿಲ್ಲ, ಸರ್ಕಾರವೂ ತೀರ್ಮಾನಿಸ್ತಿತ್ತು. ಇವತ್ತಿಗೂ ನಮ್ಮಲ್ಲಿ .303 ಸಾಮಾನ್ಯ ನಾಗರಿಕರಿಗೆ ನಿಷಿದ್ಧ ಬೋರ್.

ಈಗ ತಪ್ಪು ಆಯ್ಕೆಯ ಬೆಲೆ ಕೇಳಿ. 1907ರಲ್ಲಿ ಕುಮಾವೂಂನ ಚಂಪಾವತ್‌ನಲ್ಲಿ ಜಿಮ್ ಕಾರ್ಬೆಟ್ ಕೊಂದ ಹೆಣ್ಣುಹುಲಿ 436 ಜನರನ್ನು ತಿಂದಿತ್ತು ಅನ್ನೋದು ದಾಖಲಾದ ಲೆಕ್ಕ. ಸತ್ತ ಮೇಲೆ ಬಾಯಿ ತೆರೆದು ನೋಡಿದ್ರೆ ಬಲಗಡೆಯ ಮೇಲಿನ, ಕೆಳಗಿನ ಎರಡೂ ಕೋರೆಹಲ್ಲು ಮುರಿದಿದ್ದವು. ಯಾವತ್ತೋ ಯಾರೋ ಹೊಡೆದ ಗುಂಡಿನ ಗಾಯ ಅದು. ಸಹಜ ಬೇಟೆ ಹಿಡಿಯೋಕಾಗದೆ ಅದು ಮನುಷ್ಯರ ಕಡೆ ತಿರುಗಿತು ಅಂತ ಕಾರ್ಬೆಟ್ ಬರೆದಿದ್ದಾರೆ. ಒಬ್ಬ ಹೊಡೆದು ಮನೆಗೆ ಹೋದ. ಅದರ ಬೆಲೆಯನ್ನು ಕಟ್ಟಿಗೆ ತರೋಕೆ, ಹುಲ್ಲು ಕೊಯ್ಯೋಕೆ ಹೋದ ಬಡವರು ಕೊಟ್ಟರು.

ಹನ್ನೆರಡು ಬೋರ್‌ನಲ್ಲಿ ಚರೆ ಹಾಕಿ ಆನೆಗೆ ಹೊಡೆಯೋದು ಇದೇ ಕಥೆಯ ಇನ್ನೊಂದು ರೂಪ. ಚರೆ ಹರಡುತ್ತೆ, ಬೇಗ ವೇಗ ಕಳೆದುಕೊಳ್ಳುತ್ತೆ, ಚರ್ಮದಡಿ ನಿಂತು ಕೀವಾಗುತ್ತೆ. ಆನೆ ಸಾಯಲ್ಲ. ನೋವು ತಿಂದ ಆನೆ ಮರುದಿನ ಅದೇ ತೋಟದಲ್ಲಿ ನಿಂತಿರುತ್ತೆ, ಎದುರಿಗೆ ಬರೋದು ಹೊಡೆದವನೇ ಆಗಬೇಕಂತಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದಿದೆ. ಕೈಲ್ ಪೊಳ್ದ್‌ನಲ್ಲಿ ಪೂಜೆಗೊಳ್ಳುವ ಆ ಕೋವಿ ಅವರ ಗೌರವ. ಆದರೆ ಅದು ಕೋವಿ ಇಟ್ಟುಕೊಳ್ಳೋ ವಿನಾಯಿತಿ, ಬೇಟೆಯ ವಿನಾಯಿತಿ ಅಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಆನೆ, ಹುಲಿಯಂಥ ಮೊದಲ ಪಟ್ಟಿಯ ಪ್ರಾಣಿಯನ್ನು ಬೇಟೆಯಾಡಿದ್ರೆ ಮೂರರಿಂದ ಏಳು ವರ್ಷ ಜೈಲು. ಅದು ಮನುಷ್ಯನ ಜೀವಕ್ಕೆ ಅಪಾಯ ಅಂತ ಖಚಿತವಾದ್ರೂ, ಹಿಡಿಯೋಕೆ, ಅರಿವಳಿಕೆ ಕೊಡೋಕೆ, ಸ್ಥಳಾಂತರಿಸೋಕೆ ಆಗಲ್ಲ ಅಂತ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಕಾರಣ ಕೊಟ್ಟ ಮೇಲಷ್ಟೇ ಕೊಲ್ಲುವ ಅನುಮತಿ. ಪ್ರಾಣ ಉಳಿಸಿಕೊಳ್ಳೋಕೆ ಒಳ್ಳೆಯ ಉದ್ದೇಶದಿಂದ ಮಾಡಿದ ಆತ್ಮರಕ್ಷಣೆಯನ್ನು ಕಾನೂನು ಅಪರಾಧ ಅನ್ನಲ್ಲ, ನಿಜ. ಸಿಟ್ಟು ತೀರಿಸಿಕೊಳ್ಳೋದು ಅದರೊಳಗೆ ಬರಲ್ಲ.

2023ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಅಂದಾಜು 6,395, ದೇಶದಲ್ಲೇ ಹೆಚ್ಚು. ಇಷ್ಟು ಆನೆಯ ಜೊತೆ ಬದುಕುವ ಊರಿಗೆ ಬೇಕಾಗಿರೋದು ರಾತ್ರಿಯೇ ತಲುಪುವ ಎಚ್ಚರಿಕೆ, ಮುರಿಯದ ರೈಲು ಕಂಬಿ ಬೇಲಿ, ಸಂಬಳ ಮತ್ತು ವಿಮೆ ಸರಿಯಾಗಿ ಸಿಗುವ ಆನೆ ಕಾರ್ಯಪಡೆ, ತಡ ಮಾಡದ ಪರಿಹಾರ. ಇವನ್ನು ಕೇಳೋ ಹಕ್ಕು ತೋಟದವರಿಗೆ ಪೂರ್ತಿ ಇದೆ, ಜೋರಾಗಿಯೇ ಕೇಳಲಿ. ರೈಫಲ್ ಕೇಳೋದಕ್ಕಿಂತ ಇದಕ್ಕೆ ಉತ್ತರ ಕೊಡೋದು ಸರ್ಕಾರಕ್ಕೆ ಕಷ್ಟ. ಅದಕ್ಕೇ ಇದನ್ನೇ ಕೇಳಬೇಕು.