ಮಿಥೇನ್ ತಿಂದು ಬದುಕುವ ಜೀವಿಗಳು

ಪೂರ್ವ ದೆಹಲಿಯಲ್ಲಿ, ಯಮುನೆಯ ಆಚೆ, ಗಾಜೀಪುರದ ಕಸದ ಬೆಟ್ಟವಿದೆ. 2024ರ ಏಪ್ರಿಲ್‌ನಲ್ಲಿ ಅದು ಹೊತ್ತಿ ಉರಿದಾಗ ಸುತ್ತಲಿನವರು ಉಸಿರಾಡಲು ಒದ್ದಾಡಿದರು. ಗಾಳಿಯಾಡದ ಆಳದಲ್ಲಿ ಕಸ ಕೊಳೆತು ಹುಟ್ಟುವ ಮಿಥೇನ್ ಇಂಥ ಬೆಂಕಿಗೆ ತುಪ್ಪ ಸುರಿಯುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಯೇರಿಸುತ್ತದೆ.

ಈ ಅನಿಲವನ್ನೇ ಉಣ್ಣುವ ಬ್ಯಾಕ್ಟೀರಿಯಾಗಳಿವೆ: ಮೀಥನೋಟ್ರೋಫ್‌ಗಳು. ಮಿಥೇನ್‌ನ ಬಂಧ ಮುರಿಯುವುದು ಬಲು ಕಷ್ಟ. ಅದಕ್ಕೆ ಕಾರ್ಖಾನೆಗಳಿಗೆ ಭಾರೀ ಶಾಖ ಬೇಕು. ಈ ಜೀವಿಗಳಾದರೋ ತಾಮ್ರ ಅಥವಾ ಕಬ್ಬಿಣ ಹೊತ್ತ ಕಿಣ್ವದಿಂದ, ಸಾಮಾನ್ಯ ಉಷ್ಣತೆಯಲ್ಲೇ, ಅದನ್ನು ಮೆಥನಾಲ್ ಆಗಿಸುತ್ತವೆ. ಮುಂದೆ ಒಂದಿಷ್ಟನ್ನು ಮೈಗೂಡಿಸಿಕೊಂಡು ಉಳಿದದ್ದರಿಂದ ಶಕ್ತಿ ಪಡೆಯುತ್ತವೆ. ನಿಜಕ್ಕೂ ಬೆರಗಿನ ಕೌಶಲ! ಭತ್ತದ ಗದ್ದೆಯ ಕೆಸರಿನಲ್ಲೂ ಅವು ಬೇರಿನ ಸುತ್ತ ಬೀಡುಬಿಟ್ಟಿವೆ. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆ ಅಲ್ಲಿಂದಲೇ ಹೊಸ ಬಗೆಗಳನ್ನು ಬೇರ್ಪಡಿಸಿದೆ.

ಬೆಂಗಳೂರಿನ ಸ್ಟ್ರಿಂಗ್ ಬಯೋ ಕಂಪನಿ ಇಂಥ ಬ್ಯಾಕ್ಟೀರಿಯಾಗಳಿಗೆ ಮಿಥೇನ್ ಉಣಿಸಿ ಪಶುಮೇವಿಗೆ ಪ್ರೋಟೀನ್ ತಯಾರಿಸುವ ದಾರಿ ಹಿಡಿದಿದೆ.

ಕಸದ ರಾಶಿಗೆ ಕಾಂಪೋಸ್ಟ್ ಹೊದಿಸಿದರೆ, ಅದರಲ್ಲಿ ನೆಲೆಸುವ ಮೀಥನೋಟ್ರೋಫ್‌ಗಳು ಸೋರುವ ಮಿಥೇನ್‌ನ ಒಂದು ಪಾಲನ್ನು ತಿಂದುಹಾಕುತ್ತವೆ. ಆದರೆ ಅವುಗಳ ಹಸಿವಿಗೂ ಮಿತಿಯಿದೆ. ಹಾಗಾಗಿ ಹಸಿ ಕಸವನ್ನು ಮನೆಯಲ್ಲೇ ಬೇರ್ಪಡಿಸಿ ಕೊಡಿ. ಬೆಟ್ಟ ಬೆಳೆಯದಂತೆ ತಡೆಯುವ ಕೆಲಸ ಬ್ಯಾಕ್ಟೀರಿಯಾಗಳದ್ದಲ್ಲ.