ಹೋಪ್‌ಟೌನ್ ಹೌಸ್: ಅಪ್ಪ ಎತ್ತಿದ ಗೋಡೆ, ಮಕ್ಕಳು ತೀಡಿದ ಒಳಾಂಗಣ

ಸ್ಕಾಟ್‌ಲೆಂಡ್‌ನ ಎಡಿನ್‌ಬರೊ ನಗರದಿಂದ ಪಶ್ಚಿಮಕ್ಕೆ ಹೊರಟರೆ ಫೋರ್ತ್ ಅಳಿವೆಯ ದಡದಲ್ಲಿ ಸೌತ್ ಕ್ವೀನ್ಸ್‌ಫೆರಿ ಸಿಗುತ್ತದೆ. ಕೆಂಪು ಬಣ್ಣದ ಹೆಸರಾಂತ ರೈಲು ಸೇತುವೆ ಇರುವುದು ಇಲ್ಲೇ. ಊರು ದಾಟಿ ಸ್ವಲ್ಪ ಮುಂದೆ ಹೋದರೆ ಹೋಪ್‌ಟೌನ್ ಹೌಸ್. ಪೂರ್ವದಿಂದ ನೋಡಿದವರಿಗೆ ಅದು ಚಾಚಿ ನಿಂತ ಅರಮನೆ. ಪಶ್ಚಿಮದ ತೋಟದಿಂದ ನೋಡಿದವರಿಗೆ ಅಳತೆ ತಪ್ಪದ, ಅಚ್ಚುಕಟ್ಟಾದ ಹಳ್ಳಿಮನೆ. ಈ ಎರಡು ಮುಖಗಳನ್ನು ಕಟ್ಟಿದವರು ಬೇರೆ ಬೇರೆ ವಾಸ್ತುಶಿಲ್ಪಿಗಳು.

ಇದರ ಕಥೆ ಶುರುವಾಗುವುದು ಒಂದು ದುರಂತದಿಂದ. 1682ರಲ್ಲಿ ಗ್ಲೌಸ್ಟರ್ ಎಂಬ ಯುದ್ಧನೌಕೆ ಇಂಗ್ಲೆಂಡಿನ ಪೂರ್ವ ಕರಾವಳಿಯ ಬಳಿ ಮುಳುಗಿತು. ಮುಂದೆ ರಾಜನಾದ ಜೇಮ್ಸ್ ಬದುಕುಳಿದ. ಜೊತೆಯಲ್ಲಿದ್ದ, ಈ ಆಸ್ತಿಯ ಒಡೆಯ ಜಾನ್ ಹೋಪ್ ಸಮುದ್ರದ ಪಾಲಾದ. ಆಗಿನ್ನೂ ಕೂಸಾಗಿದ್ದ ಮಗ ಚಾರ್ಲ್ಸ್‌ನ ಆಸ್ತಿಯನ್ನು ನೋಡಿಕೊಂಡವಳು ತಾಯಿ ಲೇಡಿ ಮಾರ್ಗರೆಟ್. ಲೆಡ್‌ಹಿಲ್ಸ್‌ನ ಸೀಸದ ಗಣಿಗಳಿಂದ ಮನೆತನಕ್ಕೆ ಹಣ ಬರುತ್ತಿತ್ತು. ಮಗ ಪ್ರಾಯಕ್ಕೆ ಬರುವ ಹೊತ್ತಿಗೆ, 1699ರಲ್ಲಿ, ಹೊಸ ಮನೆಯ ಕೆಲಸ ಆರಂಭವಾಯಿತು.

ನಕ್ಷೆ ಬರೆದವನು ಸರ್ ವಿಲಿಯಂ ಬ್ರೂಸ್. ಎಡಿನ್‌ಬರೊದ ಹೋಲಿರೂಡ್ ಅರಮನೆಗೆ ಹೊಸ ರೂಪ ಕೊಟ್ಟವನೂ ಇವನೇ. ಅದಕ್ಕೂ ಹಿಂದೆ ಸ್ಕಾಟ್‌ಲೆಂಡ್‌ನ ಸಿರಿವಂತರು ದಪ್ಪ ಗೋಡೆಯ, ಕಿರುಗಿಂಡಿಗಳ ಎತ್ತರದ ಗೋಪುರಮನೆಗಳಲ್ಲಿ ಬದುಕಿದ್ದರು. ಶತ್ರುಭಯವೇ ಅವುಗಳ ಆಕಾರವನ್ನು ನಿರ್ಧರಿಸಿತ್ತು. ಬ್ರೂಸ್ ಕಟ್ಟಿದ್ದು ಭಯವಿಲ್ಲದವರ ಮನೆ. ಸಾಲಾಗಿ ದೊಡ್ಡ ಕಿಟಕಿಗಳು, ಎಡಬಲ ಸರಿದೂಗಿದ ವಿನ್ಯಾಸ, ನಡುವೆ ಎಂಟು ಮೂಲೆಯ ಮೆಟ್ಟಿಲ ಕೋಣೆ. ಅದರ ಮರದ ಪಟ್ಟಿಗಳಲ್ಲಿ ಅಲೆಕ್ಸಾಂಡರ್ ಐಜಾಟ್ ಹೂವು, ಹಣ್ಣು, ಎಲೆಗಳನ್ನು ಕೆತ್ತಿದ್ದಾನೆ. ಮೇಲಿನ ಗುಮ್ಮಟದಿಂದ ಇಳಿಯುವ ಬೆಳಕಿನಲ್ಲಿ ಆ ಕೆತ್ತನೆಯನ್ನು ನೋಡುತ್ತ ಎಷ್ಟು ಹೊತ್ತು ನಿಂತರೂ ಸಾಲದು.

1703ರಲ್ಲಿ ಚಾರ್ಲ್ಸ್ ಹೋಪ್‌ಟೌನ್‌ನ ಮೊದಲ ಅರ್ಲ್ ಆದ. ಪದವಿ ದೊಡ್ಡದಾಯಿತು, ಮನೆ ಚಿಕ್ಕದೆನಿಸಿತು. 1721ರಲ್ಲಿ ವಾಸ್ತುಶಿಲ್ಪಿ ವಿಲಿಯಂ ಆಡಂನನ್ನು ಕರೆಸಿದ. ಆಡಂ ತೋಟದ ಕಡೆಯ ಮುಖವನ್ನು ಹಾಗೇ ಬಿಟ್ಟು, ಪೂರ್ವಕ್ಕೆ ಹೊಸ ಮುಖವನ್ನೇ ಎಬ್ಬಿಸಿದ. ಗೋಡೆಗಂಟಿದ ಭಾರಿ ಕಂಬಗಳು, ಎರಡು ಬದಿಗೆ ಬಾಗಿ ಸಾಗುವ ಕಂಬಸಾಲು, ತುದಿಗಳಲ್ಲಿ ಪುಟ್ಟ ಗೋಪುರ ಹೊತ್ತ ಕಟ್ಟಡಗಳು: ಬಂದವರನ್ನು ಇಡೀ ಮನೆ ತೋಳು ಚಾಚಿ ಬರಮಾಡಿಕೊಂಡಂತೆ.

ಕೆಲಸ ಮುಗಿಯುವ ಮೊದಲೇ, 1748ರಲ್ಲಿ, ವಿಲಿಯಂ ತೀರಿಕೊಂಡ. ಜವಾಬ್ದಾರಿ ಮಕ್ಕಳಾದ ಜಾನ್ ಮತ್ತು ರಾಬರ್ಟ್ ಹೆಗಲಿಗೆ ಬಿತ್ತು. ಅಪ್ಪ ಬಯಸಿದ್ದ ಮುಂಭಾಗದ ಕಂಬಮಂಟಪವನ್ನು ಅವರು ಕೈಬಿಟ್ಟು, ಒಳಾಂಗಣಕ್ಕೆ ಗಮನ ಕೊಟ್ಟರು. ಕೆಂಪು ಡ್ರಾಯಿಂಗ್ ರೂಮಿನ ಚಾವಣಿಯಲ್ಲಿ ಚಿನ್ನ ಲೇಪಿಸಿದ ಗಾರೆಯ ಬಳ್ಳಿಗಳು ಹಬ್ಬಿವೆ. ಅಲ್ಲಿನ ಅಮೃತಶಿಲೆಯ ಅಗ್ಗಿಷ್ಟಿಕೆ ಶಿಲ್ಪಿ ಮೈಕೆಲ್ ರೈಸ್‌ಬ್ರಾಕ್‌ನದು.

ಹೋಪ್ ಮನೆತನ ರಾಬರ್ಟ್‌ನ ಬದುಕನ್ನೂ ತಿರುಗಿಸಿತು. 1754ರಲ್ಲಿ ಅವನು ಇಟಲಿಗೆ ಹೊರಟದ್ದು ಆಗಿನ ಅರ್ಲ್‌ನ ತಮ್ಮನ ಜೊತೆಗೆ. ರೋಮ್‌ನ ಅವಶೇಷಗಳನ್ನು ಅಳೆದು, ಬರೆದು, ಅರಗಿಸಿಕೊಂಡು 1758ರಲ್ಲಿ ಮರಳಿದ. ಮುಂದೆ ಬ್ರಿಟನ್ನಿನ ಉದ್ದಗಲಕ್ಕೂ ಹರಡಿದ 'ಆಡಂ ಶೈಲಿ' ರೂಪುಗೊಂಡದ್ದು ಆ ಕಲಿಕೆಯಿಂದ.

ಭಾರತಕ್ಕೂ ಇಲ್ಲಿಂದ ಒಂದು ಕೊಂಡಿಯಿದೆ. ಕ್ವಿಟ್ ಇಂಡಿಯಾ ಚಳವಳಿಯನ್ನು ಹತ್ತಿಕ್ಕಿದ ವೈಸರಾಯ್ ಲಾರ್ಡ್ ಲಿನ್‌ಲಿತ್‌ಗೋ ಹುಟ್ಟಿದ್ದು 1887ರಲ್ಲಿ, ಇದೇ ಮನೆಯಲ್ಲಿ.

1974ರಿಂದ ಇದರ ಹೊಣೆ ಹೋಪ್‌ಟೌನ್ ಸಂರಕ್ಷಣಾ ಟ್ರಸ್ಟಿನದು. ಹೋಪ್ ಮನೆತನದವರಿಗೆ ಇದು ಇಂದಿಗೂ ವಾಸದ ಮನೆ. ಹೋಗುವವರು ಮೊದಲು ತೋಟದ ಕಡೆಗೆ ಸುತ್ತಿ ಬ್ರೂಸ್‌ನ ಮುಖ ನೋಡಿ, ಆಮೇಲೆ ಪೂರ್ವಕ್ಕೆ ಬಂದರೆ, ಕಟ್ಟಿದ ಕ್ರಮದಲ್ಲೇ ಕಟ್ಟಡವನ್ನು ಓದಿಕೊಳ್ಳಬಹುದು.