ಬಗ್ಗಿದ ಕತ್ತಿನ ಕಾವಲು

ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವ ಗೃಹಿಣಿ, ಹೊಲಿಗೆಯಂತ್ರದ ಮುಂದೆ ಕುಳಿತ ದರ್ಜಿ, ಮೊಬೈಲಿನಲ್ಲಿ ಮುಳುಗಿದ ಕಾಲೇಜು ಹುಡುಗ: ಈ ಮೂವರ ಕೆಲಸ ಬೇರೆ ಬೇರೆ, ಕತ್ತಿನ ಭಂಗಿ ಮಾತ್ರ ಒಂದೇ.

ತುಂಬಿದ ಕೊಡವನ್ನು ಸೊಂಟಕ್ಕೆ ಆನಿಸಿಕೊಂಡು ನಡೆಯಬಹುದು. ಅದನ್ನೇ ತೋಳು ಚಾಚಿ ಹಿಡಿಯಿರಿ, ನಿಮಿಷದೊಳಗೆ ಕೈ ಸೋಲುತ್ತದೆ. ಕೊಡದ ಭಾರ ಹೆಚ್ಚಲಿಲ್ಲ, ದೂರ ಸರಿಯಿತು, ಅಷ್ಟೆ. ನಮ್ಮ ತಲೆಯ ತೂಕ ಸುಮಾರು 5 ಕಿಲೋಗ್ರಾಂ. ಅದು ಮುಂದಕ್ಕೆ ಬಾಗಿದಾಗ ಕತ್ತಿನ ಹಿಂಬದಿಯ ಸ್ನಾಯುಗಳು ಬಿಗಿದು ಅದನ್ನು ಹಿಡಿದಿರಬೇಕು. ಅಮೆರಿಕದ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ತಲೆ 60 ಡಿಗ್ರಿ ಬಾಗಿದರೆ ಕತ್ತಿನ ಮೇಲೆ ಬೀಳುವ ಭಾರ ಸುಮಾರು 27 ಕಿಲೋಗ್ರಾಂ. ಇದು ಕಂಪ್ಯೂಟರ್ ಮಾದರಿ ಕೊಟ್ಟ ಅಂಕಿ. ಜೀವಂತ ಕತ್ತಿನಲ್ಲಿ ಅಳೆದದ್ದಲ್ಲವೆಂಬುದನ್ನು ಮರೆಯಬಾರದು.

ಈ ಬಾಗುವಿಕೆಯನ್ನು ಗಮನಿಸಲು ಈಗ ಮೈಗೆ ಅಂಟಿಸಿಕೊಳ್ಳುವ ಪುಟ್ಟ ಸಂವೇದಕಗಳಿವೆ. ಗಾರೆಯವನು ಗೋಡೆಯ ನೇರ ನೋಡಲು ಇಳಿಬಿಡುವ ಗುಂಡಿನಂತೆ, ಇದರೊಳಗಿನ ಸಿಲಿಕಾನಿನ ಸೂಕ್ಷ್ಮ ತುಣುಕು ಭೂಮಿಯ ಸೆಳೆತದ ದಿಕ್ಕನ್ನು ಹೇಳುತ್ತದೆ. ಮೊದಲು ನೆಟ್ಟಗೆ ಕುಳಿತು ಆ ನಿಲುವನ್ನು ಗುರುತು ಮಾಡಿಕೊಟ್ಟರಾಯಿತು. ಆಮೇಲೆ ಬಹಳ ಹೊತ್ತು ಬಾಗಿದ್ದರೆ ಅದು ಸಣ್ಣಗೆ ನಡುಗಿ ಎಚ್ಚರಿಸುತ್ತದೆ.

ಆದರೆ ಆರಾಮ ಕುರ್ಚಿಯಲ್ಲಿ ಬೆನ್ನು ಹಿಂದಕ್ಕೆ ಒರಗಿಸಿ, ಗದ್ದವನ್ನು ಎದೆಗೆ ತಂದು ಓದುವವರನ್ನು ನೋಡಿ. ತಲೆ ನೆಟ್ಟಗೇ ಇದೆ, ಬಗ್ಗಿರುವುದು ಕತ್ತು! ತಲೆಯ ಸಂವೇದಕವೊಂದೇ ಇದ್ದರೆ ಅದು ಸುಮ್ಮನಿರುತ್ತದೆ. ಆದುದರಿಂದ ತಲೆಗೊಂದು, ಬೆನ್ನ ಮೇಲ್ಭಾಗಕ್ಕೊಂದು ಇಟ್ಟು, ಎರಡರ ಓಲಿನ ವ್ಯತ್ಯಾಸ ನೋಡುತ್ತಾರೆ.

ಅಷ್ಟಾದರೂ ಸಿಕ್ಕಿದ್ದು ಕೋನ, ದಣಿವಲ್ಲ. ದಣಿವನ್ನು ತಿಳಿಯಲು ಸ್ನಾಯುವಿನ ಮಾತನ್ನೇ ಕೇಳಬೇಕು. ದುಡಿಯುವ ಸ್ನಾಯುವಿನಲ್ಲಿ ಅತಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಚರ್ಮದ ಮೇಲಿಟ್ಟ ಬಿಲ್ಲೆಗಳು ಅದನ್ನು ಹಿಡಿಯುತ್ತವೆ. ಒಂದೇ ಸಮನೆ ಬಿಗಿದಿದ್ದ ಸ್ನಾಯು ದಣಿಯುತ್ತ ಬಂದಂತೆ, ತಾರದಲ್ಲಿದ್ದ ಸ್ವರ ಮಂದ್ರಕ್ಕೆ ಜಾರಿದ ಹಾಗೆ, ಆ ಅಲೆಗಳ ಕಂಪನ ನಿಧಾನವಾಗುತ್ತದೆ. ನನ್ನ ಮಟ್ಟಿಗೆ ಈ ವಿದ್ಯೆಯ ಸೊಗಸೆಲ್ಲ ಇಲ್ಲಿಯೇ ಇದೆ. ಬೆವರು ಬಂದರೆ, ಬಿಲ್ಲೆ ಸರಿದರೆ ಮಾತ್ರ ಗುಡುಗಿನ ದಿನದ ರೇಡಿಯೋದಂತೆ ಬರೀ ಗರಗರ.

ಇನ್ನು ನೋವು. ಅದನ್ನು ಈ ಎರಡು ಉಪಕರಣಗಳೂ ಅಳೆಯಲಾರವು. ಒಬ್ಬರು ದಿನವಿಡೀ ಬಗ್ಗಿದ್ದೂ ಸುಖವಾಗಿರುತ್ತಾರೆ, ನೆಟ್ಟಗೆ ಕೂತವರೊಬ್ಬರು ನರಳುತ್ತಾರೆ. ಮೊರವನ್ನು ಮೇಜಿನ ಮೇಲಿಡುವುದಕ್ಕೂ, ಆಗಾಗ್ಗೆ ಎದ್ದು ಓಡಾಡುವುದಕ್ಕೂ ಯಂತ್ರದ ಅಪ್ಪಣೆ ಬೇಕಿಲ್ಲ. ನೋವು ತೋಳಿಗೆ ಇಳಿದು ಬೆರಳುಗಳು ಜೋಮು ಹಿಡಿದರೆ, ಸಂವೇದಕ ಸುಮ್ಮನಿದ್ದರೂ ವೈದ್ಯರಲ್ಲಿಗೆ ಹೋಗತಕ್ಕದ್ದು.